ಒಂಬತ್ತನೇ ತೂಬಿನ ನಂಬರುಗಳು

"ಅವ್ವಾ, ಇದ್ರಲ್ಲಿರೋ ನಂಬರೆಲ್ಲ ಇದುಕ್ಕೆ ಆಕ್ಕೊಡು," ಅಂತ ನೀರುಗಂಟಿ ನನ್ನ ಮೇಜಿನ ಮೇಲೆ ಎರಡು ಫೋನು ಇಟ್ಟರು. ಒಂದು ಹಳೇ ಬಟನ್ ಫೋನು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ನಿಲ್ಲದೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಇನ್ನೊಂದು ಡಬ್ಬಿ ಬಿಚ್ಚದ ಟಚ್ ಫೋನು, ಅವರ ಊರಿನ ನೀರು ಬಳಕೆದಾರರ ಸಂಘ ಕೊಡಿಸಿದ್ದು.

ಮದ್ದೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದು ಜೆರಾಕ್ಸು, ಆನ್‌ಲೈನ್ ಅರ್ಜಿ, ಮೊಬೈಲ್ ನಂಬರು ವರ್ಗಾವಣೆ ಎಲ್ಲ ಮಾಡೋ ಅಂಗಡಿ. ಇಂಥ ಕೆಲಸ ವಾರಕ್ಕೆ ಹತ್ತು ಬರುತ್ತೆ. ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತೆ. ಅವತ್ತು ಮಂಗಳವಾರ, ಅಂಗಡಿಯಲ್ಲಿ ಜನ ಕಮ್ಮಿ ಇದ್ದರು. "ಕೂತ್ಕೊಳಣ್ಣ, ಅರ್ಧ ಗಂಟೆ," ಅಂದೆ. ಆ ಅರ್ಧ ಗಂಟೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನೀರುಗಂಟಿ ಅಂದರೆ ನಾಲೆ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಬಿಡೋರು. ಇವರಿಗೆ ಅರವತ್ತರ ಮೇಲೆ ವಯಸ್ಸು. ಫೋನ್ ತೆರೆದು ನೋಡಿದರೆ ಒಂದೇ ಒಂದು ಹೆಸರಿಲ್ಲ! 01-01, 01-02, 03-12, 07-04, ಬರೀ ಅಂಕೆ.

"ಇದೇನಣ್ಣ, ಹೆಸರೇ ಇಲ್ವಲ್ಲ?"

"ನಂಗೆ ಅಕ್ಸರ ಬರಾಕಿಲ್ಲ ಕಣವ್ವ, ಅಂಕೆ ಬತ್ತದೆ. ಮೊದ್ಲುದ್ದು ತೂಬು, ಆಮ್ಯಾಕಿಂದು ಗದ್ದೆ. ಮೂರನೇ ತೂಬಿನ ಅನ್ನೆರಡನೇ ಗದ್ದೆ ಯಾರ್ದು ಅಂತ ನಂಗೊತ್ತು, ಎಸ್ರು ಯಾಕೆ?"

ತೂಬು ಅಂದರೆ ನಾಲೆಯಿಂದ ಗದ್ದೆ ಕಡೆಗೆ ನೀರು ಹೊರಡೋ ಬಾಯಿ. ಅವರ ನಾಲೆಗೆ ಒಂಬತ್ತು ತೂಬು. ಮುಂದೆ ಸೊನ್ನೆ ಯಾಕೆ ಅಂತ ಕೇಳಿದ್ದಕ್ಕೆ, ಸೊನ್ನೆ ಹಾಕದಿದ್ದರೆ ಫೋನು ಎರಡಕ್ಕಿಂತ ಮೊದಲೇ ಹತ್ತನ್ನು ತೋರಿಸುತ್ತೆ, ಸರದಿ ಕೆಡುತ್ತೆ ಅಂದರು. ಯಾರೂ ಹೇಳಿಕೊಟ್ಟದ್ದಲ್ಲ, ತಾವೇ ಕಂಡುಕೊಂಡದ್ದು. ನಾನು ಡಿಪ್ಲೊಮಾ ಮಾಡಿದೋಳು, ನನಗೂ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ. ನೀರು ಬಿಟ್ಟ ದಿನ ಅವರು ಪಟ್ಟಿಯ ಮೇಲಿಂದ ಒಂದೊಂದೇ ನಂಬರಿಗೆ ಫೋನ್ ಮಾಡುತ್ತಾ ಬರುತ್ತಾರೆ, "ಇನ್ನೆರಡು ಗಂಟೆಗೆ ನಿಂದು, ಬಾ" ಅಂತ. ಗದ್ದೆಯವರು ಬಂದು ತಮ್ಮ ಮಡೆ, ಅಂದರೆ ಬದುವಿನಲ್ಲಿ ನೀರು ಒಳಗೆ ಬರೋ ಜಾಗ, ತಾವೇ ಗುದ್ದಲಿಯಲ್ಲಿ ಒಡೆದುಕೊಳ್ಳಬೇಕು. ನೀರುಗಂಟಿ ತೂಬು ಎತ್ತುತ್ತಾರೆಯೇ ಹೊರತು ಯಾರ ಮಡೆಯನ್ನೂ ಮುಟ್ಟೋ ಹಾಗಿಲ್ಲ. ಅದು ಅಲ್ಲಿನ ಕಟ್ಟುಪಾಡು.

ನಾವು ಹೀಗೆ ಮಾತಾಡುತ್ತಿರುವಾಗಲೇ ಆ ಹಳೇ ಫೋನು ಬಡಿದುಕೊಂಡಿತು. ಹೆಂಗಸಿನ ದನಿ, ನನಗೂ ಕೇಳುವಷ್ಟು ಜೋರು. "ಅಣ್ಣೋ, ನಾನು ಕೊನೆ ಗದ್ದೆಯೋಳು. ಅವ್ವ ಬಿದ್ದು ಸೊಂಟ ಮುರ್ಕಂಡವ್ಳೆ, ಮಳವಳ್ಳೀಲಿವ್ನಿ. ಇದು ನನ್ ಹೊಸಾ ನಂಬ್ರು, ನಿಂಗ್ ಬುಟ್ರೆ ಯಾರಿಗೂ ಕೊಟ್ಟಿಲ್ಲ. ನಾಳೀಕೆ ಕರೆನ್ಸಿ ಮುಗೀತದೆ, ನಾನ್ ಮಾಡಕ್ಕಾಗಕಿಲ್ಲ, ನೀನೇ ಮಾಡು. ಮಾಡಿದ್ ತಕ್ಷಣ ಬಸ್ ಅತ್ತೀನಿ. ಭತ್ತ ಹೊಡೆಗೆ ಬಂದದೆ ಕಣಣ್ಣ, ಈ ನೀರು ತಪ್ಪುದ್ರೆ ನಾನ್ ಕೆಟ್ಟೆ."

"ಮಾಡ್ತೀನಿ ಕಣವ್ವ, ಸನಿವಾರ ನಿಮ್ ಸರದಿ," ಅಂದು ಫೋನನ್ನು ನನ್ನ ಕೈಗೆ ಕೊಟ್ಟರು. ಬಂದ ಕರೆಗಳ ಪಟ್ಟಿಯಿಂದ ಆ ನಂಬರು ತೆಗೆದು, ಹಳೆಯದನ್ನು ಅಳಿಸಿ, 09-06 ಅಂತ ನಾನೇ ಸೇವ್ ಮಾಡಿದೆ. ಹೊಡೆ ಅಂದರೆ ತೆನೆ ಇನ್ನೂ ಪೈರಿನ ಹೊಟ್ಟೆಯೊಳಗಿರೋ ಹೊತ್ತು. ಆಗ ನೀರಿಲ್ಲದಿದ್ದರೆ ಕಾಳು ಕಟ್ಟಲ್ಲ. ಅಷ್ಟು ನನಗೂ ಗೊತ್ತು, ನಮ್ಮಪ್ಪನದೂ ಗದ್ದೆಯೇ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಹಳೇ ಫೋನಿನಲ್ಲಿ ಬ್ಯಾಕಪ್ ಒತ್ತಿದರೆ ನಂಬರುಗಳೆಲ್ಲ ವಿಸಿಎಫ್ ಅನ್ನೋ ಒಂದು ಕಡತವಾಗಿ ಮೆಮೊರಿ ಕಾರ್ಡಿಗೆ ಬೀಳುತ್ತವೆ. ಆ ಕಾರ್ಡನ್ನು ಹೊಸ ಫೋನಿಗೆ ಹಾಕಿ ಆಮದು ಅಂತ ಒತ್ತಿದ್ದರೆ ಐದು ನಿಮಿಷದ ಕೆಲಸ, ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಸಂಘದ ಕಾರ್ಯದರ್ಶಿ ಫೋನಿನಲ್ಲಿ ನನಗೆ ಇನ್ನೊಂದು ಕೆಲಸ ಹೇಳಿದ್ದರು. ಎಲ್ಲರಿಗೂ ಒಟ್ಟಿಗೆ ಮೆಸೇಜು ಕಳಿಸೋಕೆ ಅವರಿಗೆ ಎರಡು ಕಾಲಮ್ಮಿನ ಪಟ್ಟಿ ಬೇಕು, ಒಂದರಲ್ಲಿ ಗದ್ದೆ, ಇನ್ನೊಂದರಲ್ಲಿ ಮೊಬೈಲು. ಒಂದೇ ಏಟಿಗೆ ಎರಡೂ ಆಗಲಿ ಅಂತ ನಾನು ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ವಿಸಿಎಫ್ ಅನ್ನು ಸಿಎಸ್‌ವಿ ಆಗಿ ಪರಿವರ್ತಿಸಿ, ಶೀಟಿನಲ್ಲಿ ತೆರೆದೆ. ಮೂಲ ಕಡತ ಕಾರ್ಡಿನಲ್ಲೇ ಇದೆಯಲ್ಲ ಅಂತ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ನನಗೇ ಮಾಡಿಟ್ಟ ಗಾದೆ.

ಶೀಟು ತೆರೆದರೆ ಮೊದಲ ಕಾಲಂ ತುಂಬ ತಾರೀಖುಗಳು! 03-12 ಹೋಗಿ ಮೂರನೇ ಡಿಸೆಂಬರ್ ಆಗಿದೆ. 03-14 ಮಾರ್ಚ್ ತಿಂಗಳಾಗಿದೆ. ನಡುವೆ ಗೆರೆಯಿರೋ ಎರಡು ಅಂಕೆ ಕಂಡರೆ ಶೀಟು ಯಾರನ್ನೂ ಕೇಳದೆ ಅದನ್ನು ತಾರೀಖು ಮಾಡಿಬಿಡುತ್ತೆ. ಅಯ್ಯೋ ಶನಿಯೇ ಅಂತ ತಲೆ ಚಚ್ಚಿಕೊಂಡು ಕೂತು, ಫಾರ್ಮುಲಾ ಬರೆದು, ದಿನ ತಿಂಗಳು ಬಿಡಿಸಿ, ಸೊನ್ನೆ ಸೇರಿಸಿ, ನೂರರವತ್ತು ಚಿಲ್ಲರೆ ಸಾಲನ್ನೂ ಮತ್ತೆ ತೂಬು-ಗದ್ದೆಗೆ ತಂದೆ. ತಂದು ಸೇವ್ ಮಾಡಿದೆ. ನನಗೆ ನನ್ನ ಮೇಲೇ ಹೆಮ್ಮೆ ಬಂದಿತ್ತು. ಆ ಹೆಮ್ಮೆಯಲ್ಲಿ ಪಕ್ಕದ ಕಾಲಂ ಕಡೆ ತಿರುಗಿ ನೋಡಲಿಲ್ಲ.

ಮೊದಲ ಕಾಲಂ ಮತ್ತೆ ತಾರೀಖಾಗದ ಹಾಗೆ ಅಕ್ಷರ ಅಂತ ಗುರುತು ಹಾಕಿ ತೆರೆದಾಗ ಮೊಬೈಲ್ ಕಾಲಮ್ಮಿನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ನಂಬರಿನ ಬದಲು ಚುಕ್ಕೆ ಹಾಕಿದ ಕಿರು ಬರಹ ಕಂಡಿತು. ದೊಡ್ಡ ಸಂಖ್ಯೆಯನ್ನು ಶೀಟು ಹಾಗೆ ಕುಗ್ಗಿಸಿ ತೋರಿಸೋದು ಹೊಸದೇನಲ್ಲ. ಕಾಲಮ್ಮನ್ನು ಸಂಖ್ಯೆಯ ರೂಪಕ್ಕೆ ಬದಲಾಯಿಸಿದೆ, ಎಲ್ಲ ಬಿಡಿಸಿಕೊಂಡವು. ಮೇಲಿನ ಇಪ್ಪತ್ತು ಸಾಲು ನೋಡಿದೆ, ಹತ್ತತ್ತು ಅಂಕೆ ಸರಿಯಾಗಿದ್ದವು. ಸಾಕು ಅಂತ ಮತ್ತೆ ವಿಸಿಎಫ್ ಮಾಡಿ ಹೊಸ ಫೋನಿಗೆ ತುಂಬಿದೆ. ಮೆಮೊರಿ ಕಾರ್ಡು ಹಾಕಿದಾಗ ಹೊಸ ಫೋನು ಇದನ್ನು ಅಳಿಸಿ ಹೊಸದಾಗಿ ಸಿದ್ಧ ಮಾಡಲಾ ಅಂತ ಕೇಳಿತು, ಸರಿ ಅಂತ ಒತ್ತಿದೆ. ಹಳೇ ಫೋನನ್ನೂ ಪೂರ್ತಿ ಅಳಿಸಿ, ಉಬ್ಬಿದ ಬ್ಯಾಟರಿ ಮನೆಯಲ್ಲಿಡಬಾರದು ಅಂತ ಬುದ್ಧಿ ಹೇಳಿ, ಪಕ್ಕದ ಮೊಬೈಲ್ ಅಂಗಡಿಯವರ ಗುಜರಿ ಚೀಲಕ್ಕೆ ಹಾಕಿಸಿದೆ. ಅರ್ಧ ಗಂಟೆಯೊಳಗೆ ಹಳೇ ಫೋನು, ಕಾರ್ಡು, ಶೀಟು ಅಂತ ಮೂರು ಕಡೆ ಇದ್ದ ನಂಬರುಗಳನ್ನು ಮೂರು ಕಡೆಯಿಂದಲೂ ನಾನೇ ಒರೆಸಿದ್ದೆ.

ಗುರುವಾರ ಬೆಳಿಗ್ಗೆ ನೀರುಗಂಟಿ ಮತ್ತೆ ಬಂದರು. ಮುಖ ಸಣ್ಣಗಾಗಿತ್ತು.

"ನಂಗೆ ಈ ಫೋನ್ ಒತ್ತಾಕ್ ಬರಾಕಿಲ್ಲ ಅಂತ ಕಾಣ್ತದೆ ಕಣವ್ವ. ಮ್ಯಾಗಿನ್ ತೂಬೋರ್ಗೆಲ್ಲ ಓಯ್ತದೆ. ಏಳು, ಎಂಟು, ಒಂಬತ್ತಕ್ಕೆ ಮಾಡುದ್ರೆ ಆ ನಂಬ್ರೇ ಇಲ್ಲ ಅಂತ ಒಂದೆಣ್ಣು ಬೈತದೆ. ಒಸಿ ಯೋಳ್ಕೊಡು."

ಫೋನ್ ತೆಗೆದುಕೊಂಡು 09-06 ಒತ್ತಿ ನೋಡಿದೆ. ತೊಂಬತ್ತೊಂದು, ಆಮೇಲೆ ನಾಲ್ಕು ಅಂಕೆ, ಆಮೇಲೆ ಆರು ಸೊನ್ನೆ. 09-05, ಅದೂ ಹಾಗೇ. 08-03, ಅದೂ ಹಾಗೇ.

ಏನಾಗಿದೆ ಅಂತ ಹೇಳೋಕೆ ಒಂದು ನಿಮಿಷ ಸಾಕಾಯಿತು. ನೀರುಗಂಟಿ ತಾವೇ ಒತ್ತಿ ಸೇರಿಸಿದ ನಂಬರುಗಳಿಗೆ ಹತ್ತೇ ಅಂಕೆ. ಬಂದ ಕರೆಯಿಂದ ಉಳಿಸಿಕೊಂಡವಕ್ಕೆ ಮುಂದೆ ತೊಂಬತ್ತೊಂದು ಸೇರಿ ಹನ್ನೆರಡು. ಹನ್ನೆರಡು ಅಂಕೆಯದ್ದನ್ನು ಶೀಟು ಕುಗ್ಗಿಸಿತು, ನಾನು ಸೇವ್ ಮಾಡಿದಾಗ ಕುಗ್ಗಿದ್ದೇ ಉಳಿಯಿತು, ಬಿಡಿಸಿದಾಗ ಬಾಲದ ಜಾಗದಲ್ಲಿ ಸೊನ್ನೆ ಬಂತು. ಮೇಲಿನ ತೂಬಿನವರಿಗೆ ನೀರು ತಾನಾಗೇ ಬರುತ್ತೆ, ಅವರು ಯಾಕೆ ನೀರುಗಂಟಿಗೆ ಫೋನ್ ಮಾಡುತ್ತಾರೆ? ಮಾಡೋರು ಕೊನೆಯವರು. "ಅಣ್ಣಾ, ನೀರು ಇನ್ನೂ ಬಂದಿಲ್ಲ" ಅಂತ ಕರೆ ಮಾಡಿದವರ ನಂಬರುಗಳೇ ಆರಿಸಿ ತೆಗೆದಂತೆ ಹಾಳಾಗಿದ್ದವು. ಎಣಿಸಿದೆ, ನಲವತ್ತೊಂದು.

ಅಷ್ಟೆಲ್ಲ ಗೊತ್ತಾಗಿಯೂ ನನ್ನ ಬಾಯಲ್ಲಿ ಬಂದದ್ದು ಇದು: "ನೆಟ್‌ವರ್ಕ್ ತೊಂದರೆ ಇರಬೇಕಣ್ಣ, ನಾಳೆ ಬೆಳಿಗ್ಗೆ ಬಾ, ಸರಿ ಮಾಡಿಕೊಡ್ತೀನಿ." ಫೋನು ಅಂಗಡಿಯಲ್ಲೇ ಉಳಿಸಿಕೊಂಡೆ. ಅವರು ಅನುಮಾನವೇ ಪಡದೆ, "ನಾಡಿದ್ದು ನೀರು ಕಣವ್ವ, ಜ್ಞಾಪ್ಕ ಇರ್ಲಿ," ಅಂದು ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮೊದಲು ಕಾರ್ಡಿಗೆ ಅಳಿಸಿದ್ದನ್ನು ಮರಳಿ ತರೋ ತಂತ್ರಾಂಶ ಹಾಕಿದೆ. ಎರಡು ತಾಸು ಓಡಿತು. ಯಾರದೋ ಹೆಬ್ಬೆರಳು ಅಡ್ಡ ಬಂದ ನಾಲೆಯ ಫೋಟೋ ಐದು ಸಿಕ್ಕವು. ವಿಸಿಎಫ್ ಕಡತದ ಹೆಸರೂ ಸಿಕ್ಕಿತು, ಒಳಗೆ ಏನೂ ಇರಲಿಲ್ಲ. ಸಿಮ್ ಕಂಪನಿಯ ಆ್ಯಪಿನಲ್ಲಿ ಹೋದ ಕರೆಗಳ ವಿವರ ಇತ್ತು, ಬಂದ ಕರೆಗಳದ್ದು ಇರಲಿಲ್ಲ. ಹೋದ ಕರೆಗಳಲ್ಲಿ ಯಾವ ನಂಬರು ಯಾವ ಗದ್ದೆಯದು ಅಂತ ಬರೆದಿರುತ್ತಾ? ಆ ಹೊಸ ನಂಬರಿಗಂತೂ ಅವರು ಒಮ್ಮೆಯೂ ಮಾಡಿರಲಿಲ್ಲ.

ಹಳೇ ಫೋನು ಹುಡುಕೋಣ ಅಂತ ಪಕ್ಕದ ಅಂಗಡಿಗೆ ಹೋದರೆ ಗುಜರಿ ಚೀಲ ಬೆಳಿಗ್ಗೆಯೇ ಮಂಡ್ಯಕ್ಕೆ ಹೋಗಿತ್ತು. ಶಟರ್ ಎಳೆದು ಬಸ್ ಹತ್ತಿದೆ. ಮಂಡ್ಯದ ಗುಜರಿಯವರು, "ಹುಡುಕ್ಕೊಳ್ಳಮ್ಮ, ಅಲ್ಲವೆ," ಅಂತ ಮೂಲೆ ತೋರಿಸಿದರು. ಕೈಗಾಡಿ ತುಂಬುವಷ್ಟು ಫೋನು. ನೆಲದ ಮೇಲೆ ಕೂತು ಒಂದೊಂದೇ ತೆಗೆದು ನೋಡಿದೆ. ರಬ್ಬರ್ ಬ್ಯಾಂಡ್ ಸುತ್ತಿದ ಆ ಫೋನು ಕೈಗೆ ಸಿಕ್ಕಾಗ ಬಾಯಿಬಿಟ್ಟು "ಸಿಕ್ತು!" ಅಂತ ಕೂಗಿಬಿಟ್ಟೆ. ಗುಜರಿಯವರೂ ಖುಷಿಯಾಗಿ ಬೇರೆ ಬ್ಯಾಟರಿ ಹಾಕಿ ಆನ್ ಮಾಡಿಕೊಟ್ಟರು. ಹೆಸರುಗಳ ಪಟ್ಟಿ ಖಾಲಿ. ಕರೆಗಳ ಪಟ್ಟಿ ಖಾಲಿ. ನಾನು ಕೆಲಸ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು, ಪಕ್ಕದವರು ಏನಾಯ್ತಮ್ಮ ಅಂತ ಕೇಳಿದರೆ ಏನು ಹೇಳಲಿ?

ನಿಡಘಟ್ಟದಲ್ಲಿ ಹೋಟೆಲ್ ನಡೆಸೋ ನನ್ನ ಯಜಮಾನರಿಗೆ ವಿಷಯ ಹೇಳಿದೆ. "ಫೋನು ಹೊಸದು, ಹಾಳಾಯ್ತು ಅನ್ನು. ಯಾರಿಗೆ ಗೊತ್ತಾಗುತ್ತೆ?" ಅಂದರು. ನಿಜ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಷರ ಬರದ ಮುದುಕ, ತನಗೇ ಒತ್ತೋಕೆ ಬರಲ್ಲ ಅಂತ ಆಗಲೇ ಒಪ್ಪಿಕೊಂಡಾಗಿತ್ತು. ಆದರೆ ಶನಿವಾರ ಕೊನೆ ಮೂರು ತೂಬಿನವರು ಬರದೇ ಇದ್ದರೆ ಊರು ಏನನ್ನುತ್ತೆ? ನೀರುಗಂಟಿ ಮೇಲಿನವರ ಜೊತೆ ಶಾಮೀಲಾದ ಅನ್ನುತ್ತೆ. ಹೇಳಿಬಿಡಬೇಕು ಅಂತ ಆಗಲೇ ತೀರ್ಮಾನ ಮಾಡಿದೆ.

ಶುಕ್ರವಾರ ಅಂಗಡಿ ಬಾಗಿಲು ತೆಗೆಯೋ ಮೊದಲೇ ಅವರು ಕಟ್ಟೆ ಮೇಲೆ ಕೂತಿದ್ದರು. ನಿಂತೇ ಹೇಳಿದೆ. "ಅಣ್ಣ, ನೆಟ್‌ವರ್ಕ್ ಅಲ್ಲ. ನಾನು ಸುಳ್ಳು ಹೇಳಿದೆ. ಕೊನೆ ಮೂರು ತೂಬಿನ ನಂಬರೆಲ್ಲ ನನ್ನ ಕೈಯಿಂದ ಹಾಳಾಗಿದೆ. ತರೋಕೆ ದಾರಿಯಿಲ್ಲ."

ಅವರು ಕಟ್ಟೆಯಿಂದ ಎದ್ದು ನಿಂತರು. ಆಮೇಲೆ ಕೇಳಿದರು, "ಅಂಗಾರೆ ಅವ್ರು ನನ್ನ ಬ್ಲಾಕ್ ಮಾಡಿಲ್ವಾ?"

"ಇಲ್ಲಣ್ಣ."

"ಸಿವ್ನೇ! ಎಲ್ರೂವೆ ನನ್ ಮ್ಯಾಲೆ ಕ್ವಾಪ ಮಾಡ್ಕಂಡು ಫೋನ್ ಮುಚ್ಚವ್ರೆ ಅಂತಿದ್ದೆ ಕಣವ್ವ. ಎಲ್ಡು ದಿನದಿಂದ ಮುದ್ದೆ ಇಳ್ದಿಲ್ಲ ಗಂಟ್ಲಲ್ಲಿ." ಟವಲಿನಲ್ಲಿ ಮುಖ ಒರೆಸಿಕೊಂಡರು. ಆ ನಿರಾಳ ಒಂದು ನಿಮಿಷವೂ ಇರಲಿಲ್ಲ. "ಅಯ್ಯಯ್ಯೋ, ನೀರು ನಾಳೀಕೆ!"

"ಸ್ಕೂಟ್ರು ಇದೆ, ಹತ್ತಿ. ಇವತ್ತು ಒಂದಿನ ಇದೆಯಲ್ಲ."

ಮನೆಮನೆಗೆ ಹೋದರೆ ಮುಗಿಯಿತು ಅಂದುಕೊಂಡಿದ್ದೆ. ಮನೆಗಳಿಗೆ ಬೀಗ. ಕೊನೆ ತೂಬಿನವರಿಗೆ ಗದ್ದೆ ನಂಬಿ ಬದುಕೋಕಾಗಲ್ಲ, ಅರ್ಧಕ್ಕರ್ಧ ಜನ ಹೊರಗೆ ಕೆಲಸಕ್ಕೆ ಹೋಗುತ್ತಾರೆ. ಅದಕ್ಕೇ ಅವರಿಗೆ ಫೋನು ಬೇಕು. ಊರಲ್ಲಿ ಇದ್ದವರದ್ದು ಮೊದಲು ಬರೆದುಕೊಂಡೆ. ಗೋಡೆಯಲ್ಲಿ ಬುದ್ಧನ ಪಟ ಹಾಕಿದ್ದ ಒಂದು ಮನೆಯಲ್ಲಿ ರಜೆ ಮೇಲಿದ್ದ ಬ್ಯಾಂಕ್ ಗುಮಾಸ್ತರು ಸಿಕ್ಕರು, ಎಂಟನೇ ತೂಬಿನವರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಸೇವ್ ಮಾಡಿದ ಮೇಲೆ ಚೆಕ್ ಮಾಡಲಿಲ್ವಾ ಮೇಡಂ?"

"ಮಾಡಿದೆ ಸಾರ್. ಮೇಲಿನ ಇಪ್ಪತ್ತು ಸಾಲು."

"ಸರಿಹೋಯ್ತು. ನೀರಾವರಿ ಇಂಜಿನಿಯರ್‌ಗಳೂ ಅಷ್ಟೇ ಮಾಡೋದು. ಮೊದಲ ತೂಬಿನ ಹತ್ರ ಜೀಪ್ ನಿಲ್ಲಿಸಿ, ನೀರು ಜೋರಾಗಿದೆ ಅಂತ ಬರ್ಕೊಂಡು ಹೋಗ್ತಾರೆ." ದನಿ ಏರಿಸದೆ ಹೇಳಿದರು. ಆಮೇಲೆ ತಮ್ಮ ಫೋನ್ ತೆಗೆದು ಅಕ್ಕಪಕ್ಕದ ಒಂಬತ್ತು ಗದ್ದೆಯವರ ನಂಬರು ಹೇಳಿದರು. ನಾನು ತಲೆ ಎತ್ತದೆ ಬರೆದುಕೊಂಡೆ.

ಮಧ್ಯಾಹ್ನ ಊಟದ ಬೆಲ್ಲಿಗೆ ಸರಿಯಾಗಿ ಸೋಮನಹಳ್ಳಿಯ ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ನಿಂತೆವು. ಹೆಂಗಸರು ಗುಂಪುಗುಂಪಾಗಿ ಹೊರಗೆ ಬಂದರು. ನೀರುಗಂಟಿಗೆ ಹೆಸರು ಗೊತ್ತಿಲ್ಲ, ಕೂಗೋದು ಹೇಗೆ? "ಏಳು-ನಾಕು! ಏಳು-ನಾಕು ಬಾರವ್ವ ಇತ್ಲಾಗೆ! ಎಂಟು-ಒಂದು!" ಅಂತ ಗಟ್ಟಿಯಾಗಿ ಕೂಗಿದರು. ಸೆಕ್ಯುರಿಟಿಯವನು ಲಾಟರಿಯೇನೋ ಅಂತ ನಗುತ್ತಿದ್ದ. ಆದರೆ ಒಬ್ಬೊಬ್ಬರೇ ತಿರುಗಿ ಬಂದರು ನೋಡಿ, ಎಲ್ಲರಿಗೂ ತಮ್ಮ ಗದ್ದೆಯ ಅಂಕೆ ಗೊತ್ತಿತ್ತು.

"ಏನಣ್ಣೋ, ನಾಳೆ ನೀರು ಅಂತ ಕಾಯ್ತಿವ್ನಿ, ಫೋನೇ ಇಲ್ಲ. ಮ್ಯಾಗ್ಲೋರ್ ಮನೇಲಿ ಬಾಡೂಟ ಉಂಡ್ಯಾ?" ಅಂತ ಒಬ್ಬಳು ಕೈ ತಿರುಗಿಸಿದಳು.

ನೀರುಗಂಟಿ ತಲೆ ಕೆರೆದುಕೊಂಡರು. ನನ್ನ ಹೆಸರು ಎತ್ತಲಿಲ್ಲ. "ಅವರದ್ದೇನೂ ತಪ್ಪಿಲ್ಲ ಕಣಮ್ಮ, ನಾನು ಹಾಳು ಮಾಡಿದ್ದು," ಅಂತ ನಾನೇ ಹೇಳಿದೆ. ಆವತ್ತು ಈ ಮಾತನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಮೊದಲನೇ ಸಲದಷ್ಟೇ ಕಷ್ಟವಾಯಿತು. ಪ್ರತಿ ನಂಬರನ್ನೂ ಪುಸ್ತಕದಲ್ಲಿ ಬರೆದು, ಫೋನಿಗೆ ಹಾಕಿ, ಅವರ ಎದುರೇ ರಿಂಗ್ ಕೊಟ್ಟು, ಅವರ ಫೋನು ಬಡಿದುಕೊಂಡ ಮೇಲೆ ಮುಂದಿನದಕ್ಕೆ ಹೋದೆ. ಆಮೇಲೆ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡ್ ಮಾಡುತ್ತಿದ್ದವರ ಹತ್ತಿರ, ಅಲ್ಲಿಂದ ಹೆದ್ದಾರಿಯ ಗ್ಯಾರೇಜಿಗೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ನಲವತ್ತು ಸೇರಿದವು. ಒಂದು ಉಳಿಯಿತು, 09-06.

ಅವಳ ಹೊಸ ನಂಬರು ಯಾರ ಬಳಿಯೂ ಇರಲಿಲ್ಲ. ಪಕ್ಕದ 09-05 ಅವಳ ಗಂಡನ ಅಣ್ಣನದು, ಗಂಡ ತೀರಿಕೊಂಡ ಮೇಲೆ ಬದುವಿನ ಜಗಳವಾಗಿ ಮಾತಿಲ್ಲ. ಎದುರು ಮನೆಯ ಹೆಂಗಸು ಮಾತ್ರ ಮಳವಳ್ಳಿಯ ಒಂದು ನರ್ಸಿಂಗ್ ಹೋಮಿನ ಗುರುತು ಹೇಳಿದಳು.

"ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ? ಬತ್ತಾಳೆ ಬುಡು," ಅಂದರು ನೀರುಗಂಟಿ. ನನಗೆ ಸಮಾಧಾನ ಹೇಳೋಕೆ ಅಂದದ್ದು, ಅವರ ದನಿಯಲ್ಲೇ ನಂಬಿಕೆ ಇರಲಿಲ್ಲ. ಅವಳು ಫೋನ್ ಬರಲಿ ಅಂತ ಕಾಯುತ್ತಾಳೆಯೇ ಹೊರತು ತಾನಾಗಿ ಬರಲ್ಲ ಅನ್ನೋದು ನಮ್ಮಿಬ್ಬರಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಅವರು ತೂಬಿನ ಕಡೆ ಹೋದರು, ನಾನು ಮಳವಳ್ಳಿ ಕಡೆ. ಕೊನೆ ಗದ್ದೆಯ ಸರದಿ ಮಧ್ಯಾಹ್ನ ಒಂದೂವರೆಯಿಂದ ಮೂರು. ಮೂರಕ್ಕೆ ನಾಲೆಯ ಮೇಲ್ತುದಿಯ ಗೇಟು ಇಳಿಸುತ್ತಾರೆ, ಮತ್ತೆ ನೀರು ಹದಿನೈದು ದಿನಕ್ಕೆ. ನರ್ಸಿಂಗ್ ಹೋಮಿನಲ್ಲಿ ವಿಚಾರಿಸಿದರೆ, ಸೊಂಟ ಮುರಿದ ಅಜ್ಜಿಯನ್ನು ಹಿಂದಿನ ದಿನವೇ ಮನೆಗೆ ಕಳಿಸಿದ್ದರು. ಅಲ್ಲಿನ ಆಯಾ, "ಮುತ್ತತ್ತಿ ರೋಡಲ್ಲಿ ಯಾವ್ದೋ ಊರು ಅಂತಿದ್ರು ಕಣಕ್ಕ," ಅಂದಳು. ಊರೂರಿನ ಅಂಗಡಿ ಮುಂದೆ ನಿಲ್ಲಿಸಿ, "ಸೊಂಟ ಮುರಿದ ಅಜ್ಜಿಯ ಮನೆ ಯಾವುದು?" ಅಂತ ಕೇಳುತ್ತಾ ಹೋದೆ. ನಾಲ್ಕನೇ ಊರಿನಲ್ಲಿ ಸಿಕ್ಕಿತು. ಆಗ ಒಂದೂ ಕಾಲು.

ಅವಳು ತಾಯಿಗೆ ಗಂಜಿ ಕುಡಿಸುತ್ತಿದ್ದಳು. ನಲವತ್ತರ ಒಳಗಿನ ಹೆಂಗಸು, ಎತ್ತರದ ಆಳು. ಮಡಿಲಲ್ಲಿ ಫೋನು ಇತ್ತು. ನೀರುಗಂಟಿ ಕಳಿಸಿದರು ಅಂದದ್ದೇ ತಡ, ಲೋಟ ಕೆಳಗಿಟ್ಟಳು. "ನೀರು ಬಂತಾ? ಬೆಳಿಗ್ಗಿಂದ ಇದ್ನ ಕೈಲಿಡ್ಕಂಡೇ ಕುಂತಿವ್ನಿ. ಯಾಕ್ ಮಾಡ್ಲಿಲ್ಲ ಅಣ್ಣ?"

"ದಾರೀಲಿ ಹೇಳ್ತೀನಿ, ಹತ್ತಮ್ಮ."

ಶನಿವಾರ ಆಂಜನೇಯನ ವಾರ. ಮುತ್ತತ್ತಿಗೆ ಹೋಗೋ ಕಾರು, ಟೆಂಪೋ, ಬೈಕು ಎಲ್ಲ ಎದುರಿಗೇ ಬರುತ್ತಿದ್ದವು. ಒಂದು ತಿರುವಿನಲ್ಲಿ ಬಸ್ಸೂ ಟೆಂಪೋವೂ ಮೂತಿಗೆ ಮೂತಿ ಕೊಟ್ಟು ನಿಂತು ಅರ್ಧ ಗಂಟೆ ಅಲ್ಲೇ ಹೋಯಿತು. ಅಲ್ಲಿ ನಿಂತೇ ನೀರುಗಂಟಿಗೆ ಫೋನ್ ಮಾಡಿದೆ. "ಸಿಕ್ಕಿದಾರಣ್ಣ, ಬರ್ತಿದ್ದೀವಿ. ಸ್ವಲ್ಪ ತಡೆಹಿಡೀರಿ."

"ನೀರು ತಡ್ಯಾಕೆ ನಾನೇನ್ ದ್ಯಾವ್ರಾ? ಬ್ಯಾಗ ಬಾರವ್ವ!"

"ಹಾಗಾದರೆ ನೀವೇ ಅವರ ಮಡೆ ಒಡೆದುಬಿಡಿ. ಇದೊಂದು ಸಲ!"

ಹಿಂದೆ ಕೂತವಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಮುಟ್ಬ್ಯಾಡ ಕಣಣ್ಣ ನೀನು! ನಾನ್ ಬತ್ತೀನಿ," ಅಂದು ಇಟ್ಟಳು. ನನಗೆ ಸಿಟ್ಟೇ ಬಂತು. "ಏನಮ್ಮ ನೀನು? ಪೈರು ಒಣಗ್ತಾ ಇದೆ, ಕಟ್ಟುಪಾಡು ದೊಡ್ಡದಾ?"

"ನಿಂಗೊತ್ತಾಗಕಿಲ್ಲ ಬುಡು. ಇವತ್ ಅವ್ನು ನನ್ ಮಡೆ ಮುಟ್ಟುದ್ರೆ, ನಾಳೀಕೆ ಮ್ಯಾಗ್ಲೋರು ನಮ್ದೂ ಮುಟ್ಲಾ ಅಂತಾರೆ. ಆಮ್ಯಾಕೆ ಕೊನೇಗೆ ನೀರು ಬಂದಂಗೇ! ಅವ್ನ್ ಕೈ ಕಟ್ಟಿರೋದ್ರಿಂದ್ಲೇ ನಮ್ಗ್ ಇಷ್ಟಾದ್ರೂ ಬತ್ತಾ ಇರೋದು."

ದಾರಿ ಬಿಟ್ಟಿತು. ಗಾಳಿಗೆ ಕೂಗಿ ಕೂಗಿ ಎಲ್ಲ ಹೇಳಿದೆ, ಶೀಟು, ಸೊನ್ನೆ, ಅಳಿಸಿದ ಕಾರ್ಡು, ಗುರುವಾರದ ಸುಳ್ಳು. ನನ್ನ ಭುಜದ ಮೇಲಿದ್ದ ಅವಳ ಕೈ ಆಮೇಲೆ ಅಲ್ಲಿರಲಿಲ್ಲ.

ಊರು ಮುಟ್ಟಿದಾಗ ಮೂರೂ ಇಪ್ಪತ್ತು. ನಾಲೆ ಏರಿ ಮೇಲೆ ಸ್ಕೂಟರ್ ನಿಲ್ಲಿಸೋ ಮೊದಲೇ ಅವಳು ಹಾರಿ ಇಳಿದು ಓಡಿದಳು. ಕಾಲುವೆಯ ತಳದಲ್ಲಿ ಕೆಸರು ಹೊಳೆಯುತ್ತಿತ್ತು, ಅಲ್ಲಲ್ಲಿ ಗೇಣು ನೀರು ನಿಂತಿತ್ತು. ಏಳು, ಎಂಟನೇ ತೂಬಿನ ಗದ್ದೆಗಳಲ್ಲಿ ನೀರು ತುಂಬಿತ್ತು. ಒಂಬತ್ತರಲ್ಲೂ ಐದನೇ ಗದ್ದೆವರೆಗೆ ತುಂಬಿತ್ತು. ಆರನೆಯದರಲ್ಲಿ ನೆಲ ಬಾಯಿಬಿಟ್ಟಿತ್ತು. ಅವಳ ಪಾಲಿನ ಒಂದೂವರೆ ಗಂಟೆಯ ನೀರು ಮುಚ್ಚಿದ ಮಡೆಯನ್ನು ದಾಟಿ ಹಳ್ಳಕ್ಕೆ ಹೋಗಿತ್ತು.

ಅವಳು ಗುದ್ದಲಿ ತಗೊಂಡು ಮಡೆ ಒಡೆದಳು. ಕಾಲುವೆಯಲ್ಲಿ ಉಳಿದ ನೀರು ಒಂದು ಮೂಲೆ ನೆನೆಸಿ ನಿಂತುಹೋಯಿತು. ನೀರುಗಂಟಿ ಬದುವಿನ ಮೇಲೆ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ಕಾದ್ಯಾ ಅಣ್ಣ?"

"ಕಾದೆ ಕಣವ್ವ. ಕಣ್ಣೆದ್ರುಗೇ ಓಯ್ತು."

"ಓಗ್ಲಿ ಬುಡು. ನೀನ್ ಮನೇಗೋಗು, ಉಂಡಿಲ್ಲ ಅಂತ ಕಾಣ್ತದೆ," ಅಂದಳು.

ನಾನು ಕೈ ಮುಗಿದೆ. "ತಪ್ಪಾಯ್ತು ಕಣಮ್ಮ. ಏನು ಮಾಡಬೇಕು ಹೇಳು."

"ಏನ್ ಮಾಡೀಯೆ? ನೀರ್ ತಂದ್ಕೊಟ್ಟೀಯಾ?" ಗುದ್ದಲಿ ಒರೆಸಿಕೊಂಡು ತನ್ನ ಫೋನ್ ನಂಬರನ್ನು ಒಂದೊಂದೇ ಅಂಕೆಯಾಗಿ ಹೇಳಿದಳು. ನಾನು ನೀರುಗಂಟಿಯ ಫೋನಿಗೆ ಹಾಕಿ ರಿಂಗ್ ಕೊಟ್ಟೆ, ಅವಳ ಸೊಂಟದಲ್ಲಿ ಬಡಿದುಕೊಂಡಿತು. ಅವಳು ಅದನ್ನು ತೆಗೆದು ಕೂಡ ನೋಡಲಿಲ್ಲ. "ಕುಯ್ಲಿಗ್ ಬಾ. ಬಂದ್ ನೋಡ್ಕಂಡೋಗು."

ಆಮೇಲೆ ಅಂಗಡಿಯಲ್ಲಿ ಯಾರ ನಂಬರು ವರ್ಗಾಯಿಸಿದರೂ ಮೂಲ ಕಡತ ಮೊದಲು ಬೇರೆ ಇಡುತ್ತೇನೆ, ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತೇನೆ. ಇದನ್ನು ದೊಡ್ಡ ಪಾಠ ಅಂತ ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ. ಕಲಿತದ್ದು ನಾನು, ಅದಕ್ಕೆ ಪೈರು ಕೊಟ್ಟದ್ದು ಅವಳು.

ಕುಯ್ಲಿನ ದಿನ ನೀರುಗಂಟಿಯೇ ಫೋನ್ ಮಾಡಿದರು, "ಒಂಬತ್ತು-ಆರು ಇವತ್ತು ಕುಯ್ತದೆ ಕಣವ್ವ." ಹೋಗದೆ ಇರೋಕೆ ನೂರು ನೆಪ ಇದ್ದವು. ಹೋದೆ. ಮೇಲಿನ ಗದ್ದೆಗಳಲ್ಲಿ ತೆನೆ ಭಾರಕ್ಕೆ ಬಾಗಿತ್ತು. ಅವಳ ಗದ್ದೆಯಲ್ಲಿ ಆ ಮೂಲೆಯೊಂದು ಬಿಟ್ಟರೆ ಬಹುಪಾಲು ತೆನೆ ಬೆಳ್ಳಗೆ ನೆಟ್ಟಗೆ ನಿಂತಿತ್ತು. ನಾನು ಒಂದು ತೆನೆ ಕಿತ್ತು ಬೆರಳಲ್ಲಿ ಹಿಸುಕಿದೆ. ಜೊಳ್ಳು. ಇನ್ನೊಂದು ಹಿಸುಕಿದೆ, ಅದರಲ್ಲಿ ನಾಲ್ಕೈದು ಕಾಳು ಗಟ್ಟಿಯಿತ್ತು. ಮೂರನೆಯದಕ್ಕೆ ಕೈ ಹಾಕಿದೆ.

"ಸಾಕು ಬುಡು," ಅಂದಳು ಅವಳು, ಬಗ್ಗಿದಲ್ಲಿಂದಲೇ. "ನೋಡಿದ್ದಾಯ್ತಲ್ಲ. ಇವತ್ ಆಳ್ ಕಮ್ಮಿ ಅವೆ." ಸೊಂಟಕ್ಕೆ ಸಿಕ್ಕಿಸಿದ್ದ ಇನ್ನೊಂದು ಕುಡುಗೋಲು ತೆಗೆದು ಹಿಡಿ ಕಡೆಯಿಂದ ನನ್ನತ್ತ ಚಾಚಿದಳು.

ನಾನು ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕದ ಸಾಲಿಗೆ ಇಳಿದೆ.